ಎಣ್ಣೆ ಹತ್ತದ ಕೈ

ಟಿಣ್ ಎಂದಿತು. ಕಬ್ಬಿಣಕ್ಕೆ ಕಬ್ಬಿಣ ತಗುಲಿದ ಸದ್ದು. ಯಾರಿಗೂ ಕೇಳಿಸಬಾರದೆಂಬ ಎಚ್ಚರದಿಂದ ಮಾಡಿದ್ದು. ಮೋಟಾರು ಮಿಸ್ತ್ರಿ ಸಲೀಮನ ಜೊತೆ ಇಷ್ಟು ವರ್ಷ ಬಾಳಿದ ಬಷೀರಾಬಿಗೆ ಅದು ಸ್ಪ್ಯಾನರಿನ ಸದ್ದೆಂದು ಮಲಗಿದಲ್ಲೇ ಗೊತ್ತಾಯಿತು. ಗಂಡ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದ. ಹಾಗಾದರೆ ಮಗನೇ. ಅವಳು ಸದ್ದಾಗದಂತೆ ಎದ್ದಳು.

ಹೆಗ್ಗಡದೇವನಕೋಟೆಯ ಮರದ ಕಂಟ್ರಾಕ್ಟರು ಅಹಮದ್ ಪಾಷಾ ತಮ್ಮ ಮಗಳಿಗೆ ಬಷೀರಾಬಿಯ ಮಗ ನಸೀರನನ್ನು ನೋಡಲು ಅಂದು ಹುಣಸೂರಿಗೆ ಬಂದಿದ್ದರು. ಹುಡುಗ ಓದಿದ ಎಂಜಿನಿಯರ್ ಆಗಿರಬೇಕು, ಆದರೆ ಕೈಗೆ ಎಣ್ಣೆ ಹತ್ತಿರಬಾರದು. ಇದು ಅವರ ಷರತ್ತು. ನಸೀರ್ ಬಿ.ಇ. ಪಾಸಾದದ್ದು, ಸಕ್ಕರೆ ಕಾರ್ಖಾನೆ ಸೇರಿದ್ದು, ಇನ್ನೂ ಮೇಲಿನ ಪರೀಕ್ಷೆಗೆ ಓದುತ್ತಿರುವುದು ಎಲ್ಲವನ್ನೂ ಊಟದ ಹೊತ್ತಿಗೆ ಒಪ್ಪಿಸಿ ಆಗಿತ್ತು. ಸಂಜೆ ಹೊರಡುವಾಗ ಅವರ ಕಾರು ಕೆಮ್ಮಿ ನಿಂತುಬಿಟ್ಟಿತು. ನಸೀರ್ ಮೇಲೆದ್ದ, ಪರದೆಯ ಹಿಂದಿನಿಂದ ತಾಯಿ ಕೆಮ್ಮಿದ್ದು ಕೇಳಿ ಕೂತ. ಒಗೆದ ಕೋಟು ತೊಟ್ಟು, ಆ ಒಂದು ದಿನದ ಮಟ್ಟಿಗೆ 'ಷೆಡ್ಡಿನ ಮಾಲೀಕ'ನಾಗಿದ್ದ ಸಲೀಮನೂ ಬೆರಳು ಮಡಚಿಕೊಂಡು ಕೂತ. ಕೊನೆಗೆ ಮಿಸ್ತ್ರಿಯ ಮನೆ ಬಾಗಿಲಲ್ಲಿ ಕೆಟ್ಟ ಕಾರಿಗೆ ಮಿಸ್ತ್ರಿಯನ್ನು ಕರೆತರಲು ಡ್ರೈವರು ಮೈಸೂರಿನ ಬಸ್ಸು ಹತ್ತಿದ. ಅತಿಥಿ ರಾತ್ರಿ ಅಲ್ಲೇ ಉಳಿದರು.

ಬಷೀರಾಬಿ ಹಿತ್ತಲ ಬಾಗಿಲಿನಿಂದ ಸುತ್ತಿ ಬಂದಳು. ಕಾರಿನ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿದ್ದವು. ಮಗನ ಚೌಕಳಿ ಲುಂಗಿಯನ್ನು ಅವಳು ಕತ್ತಲಲ್ಲೂ ಗುರುತಿಸಬಲ್ಲಳು. ಬಗ್ಗಿ ಎಡಗಾಲಿನ ಮೀನಖಂಡವನ್ನು ಬಲವಾಗಿ ಚಿವುಟಿದಳು.

"ಏಳೋ ಕಂಬಖ್ತ್! ಬೆಂಗಳೂರಿಗೆ ಕಳಿಸಿ ಓದಿಸಿದ್ದು ಮತ್ತೆ ಗಾಡಿ ಕೆಳಗೆ ನುಗ್ಗಕ್ಕಾ? ಹಾಲುಹಲ್ಲು ಬೀಳೋಕ್ ಮುಂಚೆ ನಿಮ್ಮಪ್ಪನ ಷೆಡ್ಡಲ್ಲಿ ಸ್ಪ್ಯಾನರ್ ಹಿಡಿದೆ. ಕಾರ್ಖಾನೆ ಸೇರಿದ್ರೂ ಮೊಣಕೈ ತನಕ ಗ್ರೀಸು. ನಿನ್ನ ಉಗುರಿನ ಕಪ್ಪು ಹೋಗ್ಲಿ ಅಂತ ನಿನ್ನೆಯೆಲ್ಲಾ ನಿಂಬೆಹಣ್ಣು ಹಾಕಿ ಉಜ್ಜಿದೀನಿ ಕಣೋ! ಕುರ್ಚೀಲಿ ಕೂತು ರುಜು ಹಾಕ್ತಾನೆ ಅಂತ ಹೇಳಿದೀವಿ. ಎರಡು ಮನೆಯೋರು ಮಿಸ್ತ್ರಿ ಮಗ ಅಂತ ಬ್ಯಾಡ ಅಂದ್ರು, ಇದೂ ತಪ್ಪಿದ್ರೆ? ಆ ಮರದ ದಿಮ್ಮಿ ಎದ್ದು ಬಂದು ನೋಡಿದ್ರೆ ಏನೋ ಗತಿ?"

ಕಾಲುಗಳು ಅಲುಗಲಿಲ್ಲ. ಕಾರಿನ ಕೆಳಗಿನಿಂದ ಗಡಸು ದನಿ ಬಂತು.

"ದಿಮ್ಮಿ ಎದ್ದಾಯ್ತು ಬೆಹೆನ್. ಈ ಟಾರ್ಚು ಒಂಚೂರು ಹಿಡೀರಿ, ಒಂದೇ ಕೈಲಿ ಆಗ್ತಿಲ್ಲ."

ಬದಲಾಯಿಸಲು ಬಟ್ಟೆಯಿಲ್ಲದ ಅತಿಥಿಗೆ ಗಂಡ ಮಗನ ಲುಂಗಿ ಕೊಟ್ಟದ್ದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಓಡಿಹೋಗಬೇಕೆನಿಸಿತು, ಓಡಿದರೆ ಸಂಬಂಧವೂ ಓಡಿಹೋಗುತ್ತದೆನಿಸಿತು. ಸೆರಗನ್ನು ಮುಖದ ತುಂಬ ಎಳೆದುಕೊಂಡು, ಬೇರೆ ಕಡೆ ತಿರುಗಿ, ಟಾರ್ಚು ಹಿಡಿದಳು.

"ಬೆಳಕು ಗೋಡೆಗೆ ಬೀಳ್ತಿದೆ. ಬಲಕ್ಕೆ. ಹಾಂ... ಪೆಟ್ರೋಲ್ ಕೊಳವೇಲಿ ಕಸ ಕೂತದೆ, ಅಷ್ಟೇ." ನಟ್ಟು ತಿರುಗಿತು. "ಗಾಡಿ ಕೆಟ್ಟು ನಿಂತದೆ ಅಂದ್ರೆ ನಂಗೆ ನಿದ್ದೆ ಹತ್ತಲ್ಲ. ಬಸ್ಸಿನ ಕ್ಲೀನರ್ ಆಗಿದ್ದೋನು ನಾನು. ನಮ್ಮೂರು ಕೋಟೇಲಿ ಯಾರಿಗೂ ತಿಳೀದು."

"ಮತ್ತೆ ಎಣ್ಣೆ ಹತ್ತದ ಅಳಿಯ ಬೇಕು ಅಂದಿದ್ದು?" ಕೇಳಬಾರದೆಂದುಕೊಂಡಿದ್ದು ಬಾಯಿಗೆ ಬಂದೇಬಿಟ್ಟಿತು.

"ಆಗ ನನ್ನ ಹೆಂಡ್ತಿ ನನ್ನ ಬಟ್ಟೆ ಒಗೀತಾ ಅಳೋಳು. ಮಗಳಿಗೆ ಅದು ಬ್ಯಾಡ." ಒಂದು ಕೈ ಹೊರಗೆ ಬಂದು ಟಾರ್ಚು ತೆಗೆದುಕೊಂಡಿತು. "ನೀವು ಹೋಗಿ ಮಲಗಿ."

ಅಷ್ಟೇ. ಒಪ್ಪಿದೆ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಬಷೀರಾಬಿ ಮಸೀದಿಯ ಬೆಳಗಿನ ಬಾಂಗ್ ಕೇಳುವವರೆಗೂ ತನ್ನ ನಾಲಿಗೆಯನ್ನು ಶಪಿಸುತ್ತ ಕಣ್ಣು ಬಿಟ್ಟುಕೊಂಡೇ ಇದ್ದಳು.

ಬೆಳಿಗ್ಗೆ ಡ್ರೈವರು ಮೈಸೂರಿನ ಮಿಸ್ತ್ರಿಯೊಂದಿಗೆ ಬಂದ. ಮಿಸ್ತ್ರಿ ಚೀಲ ಬಿಚ್ಚುವ ಮೊದಲೇ, ಡ್ರೈವರು ಕೀಲಿ ತಿರುಗಿಸಿದ್ದಕ್ಕೇ ಕಾರು ಶುರುವಾಯಿತು. ಎಲ್ಲರೂ ಮುಖ ಮುಖ ನೋಡಿಕೊಂಡರು. ಜರಿಯ ಟೋಪಿ ಸರಿಮಾಡಿಕೊಳ್ಳುತ್ತ ಪಾಷಾ ಕೇಳಿದರು, "ಏನಪ್ಪಾ ಎಂಜಿನಿಯರ್, ರಾತ್ರಿಯೆಲ್ಲಾ ಸತ್ತುಬಿದ್ದಿದ್ದು ಹೆಂಗೆ ಎದ್ದು ಕೂತ್ಕೊಂತು?"

ನಸೀರ್ ಜಗಲಿಯಿಂದ ಇಳಿಯಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಹೇಳಿದ: ಎಂಜಿನ್ನಿನ ಶಾಖಕ್ಕೆ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ ದಾರಿ ಕಟ್ಟಿಕೊಂಡಿರುತ್ತದೆ, ರಾತ್ರಿಯ ತಂಪಿಗೆ ಆವಿ ಮತ್ತೆ ದ್ರವವಾಗಿ ದಾರಿ ತಾನಾಗಿಯೇ ತೆರೆದುಕೊಂಡಿದೆ, ಇದಕ್ಕೆ ಮನುಷ್ಯರು ಯಾರೂ ಕೈ ಹಾಕಬೇಕಾಗಿಲ್ಲ. ಮೈಸೂರಿನ ಮಿಸ್ತ್ರಿ ಬಾಯಿ ತೆರೆದುಕೊಂಡು ಕೇಳುತ್ತ ನಿಂತ. ಸಲೀಂ ಹೆಮ್ಮೆಯಿಂದ ಕೆಮ್ಮಿದ.

"ನೋಡಿದ್ರಾ?" ಎಂದರು ಪಾಷಾ, ಎಲ್ಲರಿಗಿಂತ ಜೋರಾಗಿ ತಲೆಯಾಡಿಸುತ್ತ. "ಮುಟ್ಟದೇನೇ ಹೇಳ್ಬುಟ್ಟ. ಓದು ಅಂದ್ರೆ ಇದು. ಮಿಸ್ತ್ರಿಗಳ ಕೈಲಿ ಆಗ್ತದಾ? ನಂಗೆ ಇಂಥಾ ಹುಡುಗನೇ ಬೇಕಾಗಿತ್ತು." ಸಲೀಮನನ್ನು ತಬ್ಬಿಕೊಂಡು, ಎಡಗಾಲನ್ನು ತುಸು ಎಳೆದು ಹಾಕುತ್ತ ಹೋಗಿ ಕಾರು ಹತ್ತಿದರು.

ಧೂಳು ಇಳಿಯುವ ಮೊದಲೇ ನಾದಿನಿ ಮುನ್ನೀಬಿ ಅಡಿಗೆಮನೆಗೆ ಓಡಿಬಂದಳು. "ಭಾಬಿ, ಬೀಗರು ಹೆಂಗವ್ರೆ? ನಿಮಗೇನಾದ್ರೂ ಕಂಡ್ರಾ?"

ಬಷೀರಾಬಿ ಒಲೆಗೆ ಇನ್ನೊಂದು ಸೌದೆ ತುರುಕಿದಳು. ಇದನ್ನು ಗಂಡನಿಗೂ ಹೇಳಬಾರದು, ಮಗನಿಗಂತೂ ಬೇಡವೇ ಬೇಡ ಎಂದು ಅಷ್ಟರಲ್ಲಿ ನಿರ್ಧರಿಸಿಯಾಗಿತ್ತು.

"ಪರದೆ ಹಿಂದೆ ಇರೋಳು ನಾನು," ಎಂದಳು. "ಪರ ಗಂಡಸರನ್ನ ಎಲ್ಲಿ ನೋಡ್ಲಿ?"