ನೆಟ್ಟಗೆ ನಿಂತದ್ದು

ಹತ್ತರಲ್ಲಿ ಒಂಬತ್ತು ಉರುಳಿ, ಮೂಲೆಯಲ್ಲಿ ಬಾಟಲಿಯಂಥ ಒಂದೇ ಒಂದು ಮರದ ಪಿನ್ ಉಳಿದಿತ್ತು. ಈ ಎಸೆತಕ್ಕೆ ಅದು ಬಿದ್ದರೆ ಶಬ್ನಮ್ ಮತ್ತೆ ರಾಜ್ಯ ತಂಡಕ್ಕೆ. ಬೀಳದಿದ್ದರೆ, ಟೆನ್‌ಪಿನ್ ಬೌಲಿಂಗ್ ಚಾಂಪಿಯನ್ ಒಬ್ಬಳ ಆಟ ಬಿಡದಿಯ ಈ ಬೌಲಿಂಗ್ ಹಾಲ್‌ನಲ್ಲೇ ಮುಗಿದಂತೆ. ಚೆಂಡಿನ ತೂತುಗಳಿಗೆ ಬೆರಳು ತೂರಿಸಿದಳು. ಹೋದ ವರ್ಷ ಮುರಿದಿದ್ದ ಮಣಿಕಟ್ಟು ಕೂಡಿಕೊಂಡಿತ್ತು, ಆದರೆ ಹೆದರಿ ಮರಗಟ್ಟಿತ್ತು.

"ಅದೊಂದ್ನ ಬುಟ್ಬುಡು ಬೇಟಾ! ಎಷ್ಟು ನೆಟ್ಟಗೆ ನಿಂತೈತೆ, ಪಾಪ!"

ಹಿಂದಿನಿಂದ ಕೂಗಿದ್ದು ಅವಳ ಅಜ್ಜಿ ಗುಲ್ಜಾರ್ ಬೀ. ಮೊಮ್ಮಗಳ ಆಟ ನೋಡಲು ಬಂದದ್ದು ಇದೇ ಮೊದಲು. ಚನ್ನಪಟ್ಟಣದಲ್ಲಿ ಜೀವಮಾನವಿಡೀ ಮರದ ಗೊಂಬೆಗೆ ಅರಗಿನ ಬಣ್ಣ ಹಚ್ಚಿದವರು. ಒಂದೊಂದನ್ನೂ ನೆಲದ ಮೇಲಿಟ್ಟು, ಅಲುಗದೆ ನಿಂತರೆ ಮಾತ್ರ ಅಂಗಡಿಗೆ ಕಳಿಸಿದವರು. ಬೆಳಗಿನಿಂದ ಶಬ್ನಮ್ ಉರುಳಿಸಿದ್ದಕ್ಕೆಲ್ಲ ಲೊಚಗುಟ್ಟುತ್ತಲೇ ಕೂತಿದ್ದರು.

ಶಬ್ನಮ್‌ಗೆ ನಗು ಉಕ್ಕಿತು. "ಅದು ನೀನ್ ಮಾಡಿದ್ ಗೊಂಬೆ ಅಲ್ಲ ದಾದೀ, ಬೀಳಕ್ಕೇ ನಿಂತಿರೋದು!" ನಗುನಗುತ್ತಲೇ ಭುಜ ಇಳಿಯಿತು, ಮಣಿಕಟ್ಟು ಸಡಿಲವಾಯಿತು. ಅದು ಮತ್ತೆ ಬಿಗಿಯುವ ಮೊದಲೇ ಚೆಂಡು ಬಿಟ್ಟಳು. ಪಿನ್ ಟಕ್ಕೆಂದು ಬಿತ್ತು.

ಇಡೀ ಹಾಲ್ ಎದ್ದು ಕೂಗಿತು. ಗುಲ್ಜಾರ್ ಬೀ ಮಾತ್ರ ಮುಖ ಸಪ್ಪಗೆ ಮಾಡಿಕೊಂಡರು. ಅಷ್ಟರಲ್ಲಿ ಪಿನ್ ಜೋಡಿಸುವ ಯಂತ್ರ ಕೆಳಗಿಳಿದು, ಹತ್ತನ್ನೂ ಮತ್ತೆ ನೆಟ್ಟಗೆ ನಿಲ್ಲಿಸಿ ಮೇಲೆ ಹೋಯಿತು. ಒಂದೂ ಅಲುಗಲಿಲ್ಲ.

"ಹಾಂ! ಈಗ ಗೆದ್ದೆ ನೋಡು," ಎಂದು ಅಜ್ಜಿ ಚಪ್ಪಾಳೆ ತಟ್ಟಿದರು.