ಕಿರಣ್ ಕುಮಾರ್ ಬರೆದದ್ದು

ಮೂರು ದಿನ ಸುಮ್ಮನಿದ್ದವರನ್ನು ಆ ಮೊಬೈಲ್ ಗುಂಪಿನಿಂದ ಕಿತ್ತೆಸೆಯುತ್ತಿದ್ದರು. ಇವತ್ತು ಮೂರನೆಯ ದಿನ. ಗಂಗಾ ಊಟದ ಡಬ್ಬಿ ಬದಿಗೆ ಸರಿಸಿ, ಕಿರಣ್ ಕುಮಾರ್ ಎಂಬ ಸುಳ್ಳು ಹೆಸರಿನಲ್ಲಿ ಒರಟು ಸಾಲೊಂದನ್ನು ಬರೆದು ಕಳಿಸಿದಳು. ಹತ್ತು ನಿಮಿಷದಲ್ಲಿ ನಲವತ್ತು ಜನ ಮೆಚ್ಚಿದರು. ತುಂಗಭದ್ರಾ ಡ್ಯಾಮಿನ ಕಾಲುವೆ ಕಚೇರಿಯಲ್ಲಿ ಇಪ್ಪತ್ತು ವರ್ಷ ನೋಟಿಸು ಬರೆದು ಪಳಗಿದ ಕೈ ಅದು.

"ಪೊಲೀಸರಿಗೆ ಹೇಳಿಬಿಡ್ರಿ ಮೇಡಂ," ಎಂದಳು ಎಲ್ಲ ತಿಳಿದಿದ್ದ ಅಟೆಂಡರ್ ನಿಂಗಕ್ಕ. "ಆ ರಾಡಿಯೊಳಗ ನೀವ್ಯಾಕ ಇಳೀತೀರಿ?"

"ಹೇಳಿದ್ರ ಹಿಡ್ಕೊಂಡು ಹೋಗೋದು ನನ್ನ ಮಗನ್ನ, ನಿಂಗಕ್ಕ. ಒಳಗಿದ್ದೇ ಕಾಯ್ತೀನಿ."

ಮಗ ಹಂಪೇಶ್ ಐಟಿಐ ಓದುತ್ತಿದ್ದ. ಮೊದಲು ಮೊಬೈಲಿನಲ್ಲಿ ಇತಿಹಾಸದ ತುಣುಕು ವಿಡಿಯೋ ನೋಡುತ್ತಿದ್ದ. ಬರಬರುತ್ತ ಆ ವಿಡಿಯೋಗಳು, ನಿನ್ನ ಬದುಕು ಕೆಡಿಸಿದವರು ಇವರೇ ಎಂದು ಬೆರಳು ತೋರಿಸತೊಡಗಿದವು. ಕಡೆಗೆ ಈ ಗುಂಪಿಗೆ ಸೇರುವ ಲಿಂಕ್ ಬಂತು. ಅವನು ಸ್ನಾನಕ್ಕೆ ಹೋದಾಗ ಗಂಗಾ ಅದನ್ನು ತನ್ನ ಮೊಬೈಲಿಗೆ ಕಳಿಸಿಕೊಂಡಳು. ಮಾರನೆಯ ದಿನವೇ ಅವನು ಮೊಬೈಲಿಗೆ ಲಾಕ್ ಹಾಕಿದ.

ಗುಂಪಿನೊಳಗೆ ಯಾರಿಗೂ ಸ್ವಂತ ಹೆಸರಿಲ್ಲ. ಊರಿನ ಮಾತು ಬರೆಯುವಂತಿಲ್ಲ, ಪುಸ್ತಕದ ಕನ್ನಡವೇ ಆಗಬೇಕು, ಗುರುತು ಸಿಗಬಾರದಲ್ಲ. ಆದರೂ ತಾಯಿ ಮಗನನ್ನು ಪತ್ತೆಹಚ್ಚಿದ್ದಳು. ಬೆಂಕಿ ಕಾರುವ 'ಸಿಡಿಲು' ಅವನೇ. ಮನೆಯಲ್ಲೂ ಹಾಗೇ ತಾನೆ? ಮಾತಾಡಿಸಿದರೆ ಸಿಡುಕು, ಬಾಗಿಲು ಧಡಾರ್. ಮುಂದಾಳುಗಳ ನಂಬಿಕೆ ಗಳಿಸಬೇಕು, ಅವರು ಮಾಡಹೊರಟ ದಾಳಿ ಎಲ್ಲಿ, ಯಾವಾಗ ಎಂದು ತಿಳಿಯಬೇಕು, ಆ ದಿನ ಅವನನ್ನು ಮನೆಯಲ್ಲಿ ಕೂಡಿಹಾಕಬೇಕು. ಅಷ್ಟೇ ಅವಳ ಯೋಚನೆ.

ಶುಕ್ರವಾರ 'ನೆರಳು' ಎಂಬಾತ ಬರೆದ: "ನಾನು ಬಿಡುತ್ತೇನೆ. ನನಗೆ ಭಯವಾಗುತ್ತಿದೆ."

ಮುಂದಾಳು ಕಿರಣ್ ಕುಮಾರನಿಗೆ ಪ್ರತ್ಯೇಕ ಸಂದೇಶ ಕಳಿಸಿದ: "ನಿನ್ನ ಬರವಣಿಗೆಗೆ ಶಕ್ತಿಯಿದೆ. ಇವನನ್ನು ಉಳಿಸಿಕೋ."

ಗಂಗಾ ನೆರಳಿನ ಸಾಲನ್ನು ಮತ್ತೊಮ್ಮೆ ಓದಿದಳು. ಯಾವ ತಾಯಿ ಹೆತ್ತ ಮಗನೋ. ಆದರೆ ಒಲ್ಲೆನೆಂದರೆ ತನ್ನನ್ನೇ ಹೊರಹಾಕುತ್ತಾರೆ. ಆಮೇಲೆ ಹಂಪೇಶನನ್ನು ಕಾಯುವವರು ಯಾರು? ಬರೆದಳು: "ತಮ್ಮಾ, ಭಯ ಎಲ್ಲರಿಗೂ ಇದೆ. ನಿನ್ನನ್ನು ಕೈಲಾಗದವನೆಂದು ನಕ್ಕವರ ಮುಂದೆ ಮತ್ತೆ ತಲೆ ತಗ್ಗಿಸಿ ನಿಲ್ಲುತ್ತೀಯಾ? ನಾನಿದ್ದೇನೆ."

ನೆರಳು ಉಳಿದ.

ಆ ಸಂಜೆ ಹಂಪೇಶ್ ಎಷ್ಟೋ ತಿಂಗಳ ಮೇಲೆ ಅಡುಗೆಮನೆಗೆ ಬಂದು ಕೂತ. "ಅವ್ವ, ಇನ್ನೊಂದು ರೊಟ್ಟಿ ಹಾಕು. ಭಾಳ ಹಸಿವಾಗೈತಿ." ನಕ್ಕ ಕೂಡ. ಮಗ ದಾರಿಗೆ ಬರುತ್ತಿದ್ದಾನೆಂದು ಅವಳ ಎದೆ ಹಗುರಾಯಿತು.

ಎಲ್ಲಿ, ಯಾವಾಗ ಎಂದು ಕಿರಣ್ ಕುಮಾರನಿಗೆ ಯಾರೂ ಹೇಳಲೇ ಇಲ್ಲ. ಬುಧವಾರ ಮುಂಜಾನೆ ಕಂಪ್ಲಿ ರಸ್ತೆಯ ಅಂಗಡಿಯೊಂದಕ್ಕೆ ಬೆಂಕಿ ಬಿತ್ತು. ಒಳಗೆ ಮಲಗಿದ್ದ ಕಾವಲುಗಾರ ಮುದುಕಪ್ಪ ಬದುಕಲಿಲ್ಲ. ಮಧ್ಯಾಹ್ನ ಪೊಲೀಸರ ಫೋನ್ ಬಂತು.

ಠಾಣೆಯ ಬೆಂಚಿನ ಮೇಲೆ ಹಂಪೇಶ್ ಅಂಗೈ ಸುಟ್ಟುಕೊಂಡು ಕೂತಿದ್ದ. ಗಂಗಾ ಅವನ ಭುಜ ಹಿಡಿದು ಅಲುಗಿಸಿದಳು. "ಯಾಕ ಹೋದಿಯೋ? ಒಂದ್ಸಲನಾದ್ರೂ ಬ್ಯಾಡ ಅನ್ನಿಸಲಿಲ್ಲೇನೋ?"

"ಅನ್ನಿಸಿತ್ತವ್ವಾ. ಬಿಟ್ಟುಬಿಡ್ತೀನಂತ ಬರದಿದ್ದೆ," ಎಂದ ಅವನು. "ಕಿರಣಣ್ಣ ಬಿಡಲಿಲ್ಲ."