ಆಯಿಯ ಬಲಗೈ

ವಿಭೂತಿಯ ವಾಸನೆ ಬಂದರೆ ಈಗಲೂ ನನ್ನ ಬೆರಳುಗಳು ತಾವಾಗಿಯೇ ನನ್ನ ಮಣಿಕಟ್ಟು ಹುಡುಕುತ್ತವೆ.

ನನ್ನ ಅಜ್ಜಿಗೆ, ನಮ್ಮೆಲ್ಲರ ಆಯಿಗೆ, ಎದೆಬಡಿತ ಆಗಾಗ ಲಯ ತಪ್ಪುತ್ತಿತ್ತು. ಆಕೆ ಸುಮ್ಮನೆ ಕೂತಾಗ ನಾಡಿ ಹಿಡಿದು ನೋಡಲು ಬೆಳಗಾವಿಯ ಡಾಕ್ಟರು ನನಗೆ ಕಲಿಸಿದ್ದರು. ಖಾನಾಪುರದ ಮನೆಯಲ್ಲಿ ಆಯಿ ಸುಮ್ಮನೆ ಕೂರುತ್ತಿದ್ದುದು ಲಿಂಗಪೂಜೆಗೆ ಮಾತ್ರ. ಎಡ ಅಂಗೈಯ ಇಷ್ಟಲಿಂಗವನ್ನು ಆಕೆ ದಿಟ್ಟಿಸುವಾಗ ಬಲಗೈ ನನ್ನದು.

ಒಂದು ಮಧ್ಯಾಹ್ನ, ವಿಭೂತಿ ಮೆತ್ತಿದ ಆ ತೆಳು ಚರ್ಮದಡಿ ಬಡಿತ ಓಡಿತು, ನಿಂತಿತು, ಮತ್ತೆ ಎಡವಿತು.

"ಆಯಿ, ನಾಡಿ ತಪ್ಪಾಕತ್ತೈತಿ!"

"ಪೂಜಿ ಮುಗೀಲಿ, ಸುಮ್ಮ ಕುಂದ್ರು," ಅಡುಗೆಮನೆಯಿಂದ ನನ್ನ ಅವ್ವ ಗದರಿದಳು.

ಪೂಜೆಯ ನಡುವೆ ಎಂದೂ ಏಳದ ಆಯಿ, ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಯಲ್ಲಿಟ್ಟಳು. "ಹುಡುಗಿ ಖರೇ ಹೇಳಾಕತ್ತಾಳ. ಗಾಡಿ ಕರಸು."

ದವಾಖಾನೆಯಲ್ಲಿ ಡಾಕ್ಟರು, "ಏನಾತ್ರಿ ಅಜ್ಜಿ?" ಎಂದರು.

ಆಯಿ ಬಲಗೈಯನ್ನು ನನ್ನ ಮಡಿಲಿಗೆ ಚಾಚಿದಳು. "ನನಗೇನ ಕೇಳ್ತೀರಿ? ಇಕಿನ್ನ ಕೇಳ್ರಿ."